ಸೀಟಿ ಮೇಷ್ಟ್ರ ಒಂದು ಸೆಕೆಂಡು

ಸೀಟಿ ಮೇಷ್ಟ್ರು ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಓಡುವುದನ್ನು ಕಲಿಸಿದರು. ಅಷ್ಟು ವರ್ಷದಲ್ಲಿ ಯಾರಿಗೂ ಒಂದು ಸೆಕೆಂಡನ್ನು ಕೂಡಿಸಿ ಬರೆದವರಲ್ಲ, ಕಳೆದು ಬರೆದವರೂ ಅಲ್ಲ. ಒಮ್ಮೆ ಅಂಥ ಒಂದೇ ಒಂದು ಸೆಕೆಂಡಿಗಾಗಿ ಅವರ ಹೆಂಡತಿ ಮೂರು ದಿನ ಮಾತು ಬಿಟ್ಟಿದ್ದಳು. ಆ ಸೆಕೆಂಡು ಹದಿನೇಳು ವರ್ಷ ತೆಪ್ಪಗಿದ್ದು, ಮೇಷ್ಟ್ರು ನಿವೃತ್ತಿಯಾಗುವ ವರ್ಷ ಎದ್ದು ಬಂದು ಮನೆಯ ಬಾಗಿಲು ತಟ್ಟಿತು.

ಕೆಲಸಕ್ಕೆ ಸೇರಿದ ದಿನ ಅವರ ಕೈಗೆ ಬಂದ ಕಾಗದದಲ್ಲಿ ‘ಕ್ರೀಡಾ ನಿರ್ದೇಶಕರು’ ಎಂದಿತ್ತು. ಆ ಕಾಲೇಜಿನಲ್ಲಿ ಅಂಥ ಹುದ್ದೆ ಅದೇ ಮೊದಲು. ಹೊಸ ಬಿಳಿ ಅಂಗಿ ತೊಟ್ಟು ಪ್ರಿನ್ಸಿಪಾಲರ ಮುಂದೆ ನಿಂತು, "ಗ್ರೌಂಡ್ ಎಲ್ಲಿದೆ ಸಾರ್?" ಎಂದು ಕೇಳಿದರು. ಪ್ರಿನ್ಸಿಪಾಲರು ಗದ್ದದಿಂದಲೇ ಕಿಟಕಿ ತೋರಿಸಿದರು. ಕಿಟಕಿಯಾಚೆ ಆಳೆತ್ತರದ ಮುಳ್ಳುಪೊದೆ. ನಡುವೆ ಯಾರದೋ ಎರಡು ಕತ್ತೆ.

"ನಾನು ಯಾರನ್ನ ನಿರ್ದೇಶನ ಮಾಡ್ಬೇಕು ಸಾರ್?"

"ಸದ್ಯಕ್ಕೆ ಆ ಕತ್ತೆಗಳನ್ನ ಆಚೆಗೆ ನಿರ್ದೇಶನ ಮಾಡಿ," ಎಂದು ಪ್ರಿನ್ಸಿಪಾಲರು ಫೈಲಿನೊಳಗೆ ತಲೆ ಹಾಕಿದರು.

ಕೋಣೆಯೆಂದು ಕೊಟ್ಟದ್ದು ಮೆಟ್ಟಿಲ ಕೆಳಗಿನ ಸಂದು. ಬಾಗಿಲ ಬಳಿ ನಿಲ್ಲಬಹುದು, ಮೇಜಿನ ಬಳಿ ಕೂರಲೇಬೇಕು. ಗಂಟೆ ಹೊಡೆದರೆ ಇನ್ನೂರು ಕಾಲು ತಲೆಯ ಮೇಲೆ ದಡದಡ ಇಳಿದು ಚಹಾದೊಳಗೆ ಧೂಳು ಉದುರುತ್ತಿತ್ತು. ಮೊದಲ ವಾರದಲ್ಲೇ ಮೂರು ಸಲ ಹಣೆ ಚಚ್ಚಿಕೊಂಡು ಮನೆಗೆ ಬಂದರು. ನಾಲ್ಕನೆಯ ಸಲಕ್ಕೆ ಹೆಂಡತಿ ಹಳೇ ತಲೆದಿಂಬೊಂದನ್ನು ಮಡಿಸಿ ಹೊಲಿದು, ತಾನೇ ಹೋಗಿ ಅವರ ಹಣೆ ತಾಗುವ ಜಾಗವನ್ನು ಗೇಣು ಹಾಕಿ ನೋಡಿ, ಮೊಳೆ ಹೊಡೆದು ಬಂದಳು. ಆ ದಿಂಬು ಕೊನೆಯವರೆಗೂ ಅಲ್ಲೇ ಇತ್ತು. ಹೊದಿಕೆ ಮಾತ್ರ ನಾಲ್ಕು ಸಲ ಬದಲಾಯಿತು.

ಆಕೆಯ ಸ್ವಭಾವವೇ ಅದು. ಓದು ಮೂರನೆಯ ತರಗತಿಗೆ ನಿಂತಿತ್ತು. ಅಕ್ಷರ ಕೂಡಿಸಿ ಓದಲು ಹೊತ್ತು ಬೇಕು. ಆದರೆ ಅಳತೆಯ ವಿಷಯದಲ್ಲಿ ಆಕೆಯ ಕಣ್ಣಿಗೆ ಮಣ್ಣೆರಚಲು ಯಾರಿಂದಲೂ ಆಗದು. ರವಿಕೆಯ ತೋಳು ಒಂದು ನೂಲು ಗಿಡ್ಡವಾದರೆ ಬಿಚ್ಚಿ ಮತ್ತೆ ಹೊಲಿಯುವವಳು.

ಆಕೆಯ ಅಣ್ಣ ಕಟ್ಟಡದ ಮೇಸ್ತ್ರಿ. ಬಾಯಿ ಜೋರು. ಭಾವನ ಹುದ್ದೆಯ ಸುದ್ದಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

"ಓಡೋದನ್ನ ಕಲ್ಸೋಕೆ ಒಬ್ಬ ಮೇಷ್ಟ್ರಾ? ಹಿಂದಿನಿಂದ ಒಂದು ನಾಯಿ ಬಿಡಿ ಭಾವ, ಪ್ರಿನ್ಸಿಪಾಲರೂ ಓಡ್ತಾರೆ!"

"ನಾಯಿ ಓಡ್ಸುತ್ತೆ ಭಾವ, ನಿಲ್ಸೋದು ಯಾರು? ಅದಕ್ಕೆ ಸೀಟಿ ಬೇಕು," ಎಂದರು ಮೇಷ್ಟ್ರು.

ಮುಳ್ಳು ಕೀಳಲು ಐದು ತಿಂಗಳು ಹಿಡಿಯಿತು. ತೋಳಿಗೆ ಬಲ ಬರುತ್ತದೆ ಎಂದು ಹುಡುಗರನ್ನು ನಂಬಿಸಿ ಬುಡಗಳನ್ನು ಕೀಳಿಸಿದರು. ಅವರ ತೋಳಿಗೆ ಬಲವೂ ಬಂತೆನ್ನಿ, ಮಾತು ಸುಳ್ಳಾಗಲಿಲ್ಲ. ಆಮೇಲೆ ಓಟದ ಪಟ್ಟಿ ಹಾಕುವ ಕೆಲಸ. ಮೇಷ್ಟ್ರ ಹತ್ತಿರ ನಿಯಮಗಳ ಒಂದು ಸಣ್ಣ ಪುಸ್ತಕವಿತ್ತು. ಹಳೆಯದು, ಯಾವುದೋ ಪೆಟ್ಟಿಗೆಯ ತಳದಲ್ಲಿದ್ದು ಅಲ್ಲಲ್ಲಿ ಗೆದ್ದಲು ತಿಂದದ್ದು. ಅದನ್ನು ಮಡಿಲಲ್ಲಿಟ್ಟುಕೊಂಡು ಲೆಕ್ಕ ಹಾಕಿದರು: ಎರಡು ನೇರ, ಒಂದೊಂದು ನೂರು ಮೀಟರು. ಎರಡು ಬಾಗು, ಅವೂ ಒಂದೊಂದು ನೂರು. ಒಟ್ಟು ನಾನೂರು. ನಡುವೆ ಗೂಟ ನೆಟ್ಟು, ತಂತಿ ಕಟ್ಟಿ ಎಳೆದು ಬಾಗು ಬರೆದು, ಒಳ ಅಂಚಿನುದ್ದಕ್ಕೂ ಮುಷ್ಟಿಗಾತ್ರದ ಕಲ್ಲು ಸಾಲಾಗಿ ಹೂಳಿದರು. ಕಲ್ಲಿಗೆಲ್ಲ ಸುಣ್ಣ ಬಳಿದವಳು ಹೆಂಡತಿ. ಮೊಣಕೈವರೆಗೆ ಬೆಳ್ಳಗಾಗಿ ಮನೆಗೆ ಹೋಗುತ್ತಿದ್ದ ಆಕೆಗೆ ಹುಡುಗರು ಸುಣ್ಣದಮ್ಮ ಎಂದು ಹೆಸರಿಟ್ಟರು. ಮೇಷ್ಟ್ರ ಕೊರಳಲ್ಲಿ ಯಾವಾಗಲೂ ಸೀಟಿ ನೇತಾಡುತ್ತಿದ್ದುದರಿಂದ ಅವರ ಹೆಸರು ಅದಕ್ಕೂ ಮುಂಚೆಯೇ ನಿಂತಿತ್ತು.

ಕೊನೆಗೆ ಅಳತೆ ಸರಿಯಿದೆಯೇ ಎಂದು ನೋಡಬೇಕು. ಅಣ್ಣ ತನ್ನ ಮೂವತ್ತು ಮೀಟರಿನ ಉಕ್ಕಿನ ಟೇಪು ತಂದ. ಸುಣ್ಣದಮ್ಮ ಸೊನ್ನೆಯ ತುದಿ ಹಿಡಿದು ಕುಳಿತಳು. ಒಂದು ಟೇಪು ಮುಗಿದರೆ ಮಡಿಲಿಗೊಂದು ಅಂಗಿಯ ಗುಂಡಿ. ಹದಿಮೂರು ಗುಂಡಿ ಬಿದ್ದು ಮೇಲೆ ಹತ್ತು ಮೀಟರು ಬಂದರೆ ನಾನೂರು.

ಕಲ್ಲು ಒರಟು, ಟೇಪು ತೊಡಕುತ್ತಿತ್ತು. ಅಣ್ಣ ಗೊಣಗಿದ. "ಒಂಚೂರು ಈಚೆಗೆ ಎಳ್ಕೊಳೇ ತಂಗಿ. ಕಲ್ಲಿಗೆ ಅಂಟ್ಕೊಂಡೇ ಹೋಗ್ಬೇಕಾ? ಓಡೋರು ಕಲ್ಲಿನ ಮೇಲೆ ಓಡ್ತಾರಾ?"

"ನೀನು ಗೋಡೆ ಕಟ್ಟೋವಾಗ ಒಂಚೂರು ಈಚೆಗೆ ಎಳ್ಕೊ. ಇಲ್ಲಿ ಬೇಡ. ಕಲ್ಲಿಗೆ ಅಂಟಿ ಹಿಡಿ."

ಮೂರು ಸಲ ಅಳೆಸಿದಳು. ಮೂರು ಸಲವೂ ಹದಿಮೂರು ಗುಂಡಿ, ಹತ್ತು ಮೀಟರು. ಬೆರಳಗಲದ ಹೆಚ್ಚುಕಡಿಮೆ ಇಲ್ಲ. ಮೇಷ್ಟ್ರು ಬೀಗಿದರು. ಮುಂದೆ ಯಾರು ಬಂದರೂ, "ನಮ್ಮ ಗ್ರೌಂಡ್ ನೋಡಿ, ನಾನೂರು ಅಂದ್ರೆ ನಾನೂರು. ನಮ್ಮ ಮನೆಯೋರು ಅಳೆದದ್ದು," ಎನ್ನುತ್ತಿದ್ದರು.

ಹೀಗೆ ಶುರುವಾಯಿತು. ಮುರಿದ ಬೆಂಚುಗಳ ಕಾಲು ಕಿತ್ತು ಹರ್ಡಲ್ಸ್ ಮಾಡಿದರು. ಎತ್ತರ ಜಿಗಿತದ ಗುಂಡಿಗೆ ಬಡಗಿಯ ಅಂಗಡಿಯ ಮರದ ಹೊಟ್ಟು ಹೊತ್ತು ತಂದರು. ಮೊದಲ ಕ್ರೀಡಾಕೂಟದ ದಿನ ಪ್ರಿನ್ಸಿಪಾಲರ ಕೈಗೆ ಎರಡು ಹಲಗೆ ಕೊಟ್ಟು, "ಜೋರಾಗಿ ಬಡೀರಿ ಸಾರ್, ಓಡೋಕೆ ಶುರು ಮಾಡ್ತಾರೆ," ಎಂದರು. ಪ್ರಿನ್ಸಿಪಾಲರು ತಮ್ಮ ಬೆರಳನ್ನೂ ಸೇರಿಸಿ ಬಡಿದರು. ಹುಡುಗರು ಓಡಿದ್ದು ಹಲಗೆಯ ಸದ್ದಿಗಲ್ಲ, ಪ್ರಿನ್ಸಿಪಾಲರು ಕೂಗಿಕೊಂಡ ಸದ್ದಿಗೆ.

ಮೆಟ್ಟಿಲ ಕೋಣೆಯ ಗೋಡೆಗೆ ದಾಖಲೆಯ ಹಲಗೆ ಬಂತು. ಓಟದ ದೂರ, ಓಡಿದವರ ಹೆಸರು, ಹಿಡಿದ ಹೊತ್ತು, ಮೂರು ಸಾಲು. ಮೇಷ್ಟ್ರ ಅಕ್ಷರ ಕೋಳಿ ಕೆದಕಿದ ಹಾಗೆ. ಹಾಗಾಗಿ ಅವರು ಸೀಮೆಸುಣ್ಣದಲ್ಲಿ ಬರೆದುಕೊಟ್ಟರೆ ಸುಣ್ಣದಮ್ಮ ಸಣ್ಣ ಕುಂಚದಿಂದ ಅದರ ಮೇಲೆ ಬಿಳಿ ಬಣ್ಣ ತಿದ್ದುತ್ತಿದ್ದಳು. ಅಂಕಿಗಳು ಮುತ್ತು ಪೋಣಿಸಿದಂತೆ ಬರುತ್ತಿದ್ದವು.

ಹದಿನಾಲ್ಕನೆಯ ವರ್ಷ ದರ್ಜಿಯ ಮಗಳು ಕಾಲೇಜಿಗೆ ಸೇರಿದಳು. ಆಟಗಾರರ ಬೆನ್ನಿಗೆ ಕಟ್ಟುವ ನಂಬರಿನ ಬಟ್ಟೆಗಳನ್ನು ಅವಳಪ್ಪ ಹೊಲಿಯುತ್ತಿದ್ದ. ಒಂದು ಬೆಳಗ್ಗೆ ಆ ಗಂಟನ್ನು ಕಂಕುಳಲ್ಲಿಟ್ಟುಕೊಂಡು, ತಡವಾಯಿತೆಂದು ಅವಳು ಮೈದಾನ ಹಾಯ್ದು ಓಡಿ ಬರುತ್ತಿದ್ದುದು ಮೇಷ್ಟ್ರ ಕಣ್ಣಿಗೆ ಬಿತ್ತು.

"ಏಯ್, ನಿಲ್ಲಮ್ಮ!" ಎಂದು ಸೀಟಿ ಊದಿದರು.

ಬೈಯುತ್ತಾರೆಂದು ಹೆದರಿ ಅವಳು ಇನ್ನಷ್ಟು ಜೋರಾಗಿ ಓಡಿದಳು. ಮೇಷ್ಟ್ರು ಬೆನ್ನಟ್ಟಿದರು. ಅರ್ಧ ಸುತ್ತಿಗೆ ಉಸಿರು ಕಟ್ಟಿ, ಸೊಂಟಕ್ಕೆ ಕೈಕೊಟ್ಟು ನಿಂತರು. ಮನೆಗೆ ಬಂದವರೇ, "ಇವತ್ತು ನನ್ನ ಸೋಲಿಸಿದೋಳು ಸಿಕ್ಕಿದ್ಳು ಕಣೇ," ಎಂದು ಸುದ್ದಿ ಹೇಳಿದರು.

"ನಿಮ್ಮನ್ನ ಸೋಲ್ಸೋಕೆ ಓಡೋರು ಬೇಕಾ? ನಡೆಯೋರು ಸಾಕು," ಎಂದಳು ಸುಣ್ಣದಮ್ಮ.

ದರ್ಜಿಯನ್ನು ಒಪ್ಪಿಸಲು ಅಂಗಡಿಗೇ ಹೋದರು. "ಓಡಿದ್ರೆ ಬಟ್ಟೆ ಹರಿಯುತ್ತೆ ಸಾರ್," ಎಂದ ದರ್ಜಿ, ಬಾಯಲ್ಲಿ ಸೂಜಿ ಕಚ್ಚಿಕೊಂಡೇ. "ಹರಿದ್ರೆ ಹೊಲಿಯೋಕೆ ನೀವಿದ್ದೀರಲ್ಲ. ನನ್ನ ಮಗಳಾಗಿದ್ರೆ ಹೊಲಿಯೋಕೆ ಬಾರದ ನಾನೇನು ಮಾಡ್ಬೇಕಿತ್ತು ಹೇಳಿ," ಎಂದರು ಮೇಷ್ಟ್ರು. ದರ್ಜಿ ನಕ್ಕ. ನಕ್ಕಮೇಲೆ ಒಪ್ಪದೆ ಏನು ಮಾಡುವುದು?

ದೊಡ್ಡ ಕೂಟಕ್ಕೆ ಕಳಿಸುವ ಯೋಗ ಮೊದಲ ವರ್ಷವೇ ಬಂತು. ಎಲ್ಲ ಕಾಲೇಜುಗಳೂ ಸೇರುವ ಆ ಕೂಟಕ್ಕೆ ಸಾವಿರದೈನೂರು ಮೀಟರನ್ನು ಐದು ನಿಮಿಷದೊಳಗೆ ಓಡಿದ ಹುಡುಗಿಯರನ್ನು ಮಾತ್ರ ಕಳಿಸಬಹುದಿತ್ತು. ಹೊತ್ತನ್ನು ನೋಡಿ ಸಹಿ ಹಾಕಬೇಕಾದವರು ಆಯಾ ಕಾಲೇಜಿನ ನಿರ್ದೇಶಕರೇ. ಕಾಗದ ಹೋಗಬೇಕಾದ ಕೊನೆಯ ದಿನ ಬೆಳಗ್ಗೆ ಅವಳು ಓಡಿದಳು. ಮೂರು ಸುತ್ತು, ಮೇಲೆ ಮುಕ್ಕಾಲು. ಸುಣ್ಣದಮ್ಮ ಕೊನೆಯ ಗೆರೆಯಲ್ಲಿ ನೂಲು ಹಿಡಿದು ನಿಂತಿದ್ದಳು. ಹುಡುಗಿ ನೂಲನ್ನು ಎದೆಯಿಂದ ಹರಿದುಕೊಂಡು ಬಂದು ನೆಲಕ್ಕೆ ಕುಸಿದಳು. ಮೇಷ್ಟ್ರು ಗಡಿಯಾರ ನೋಡಿದರು. ಒರೆಸಿ ಮತ್ತೆ ನೋಡಿದರು.

ಐದು ನಿಮಿಷ, ಒಂದು ಸೆಕೆಂಡು.

ಆಫೀಸಿನ ಗುಮಾಸ್ತ ಕಾಗದ ಹಿಡಿದುಕೊಂಡು ಕಾಯುತ್ತಿದ್ದ. "ಒಂದು ಸೆಕೆಂಡ್ ತಾನೆ ಸಾರ್? ಕಣ್ಣು ಮಿಟುಕಿಸೋ ಅಷ್ಟು. ನೀವು ಒಂದ್ಸಲ ಕಣ್ಣು ಮಿಟುಕಿಸಿದ್ರಿ ಅಂದ್ಕೊಳ್ಳಿ, ಬರ್ದು ಕೊಡಿ."

"ಗಡಿಯಾರ ಹೇಳಿದ್ದನ್ನ ನಾನು ಹೇಳ್ತೀನಿ. ನೀವು ಹೇಳಿಕೊಟ್ಟದ್ದನ್ನ ಹೇಳೋಕೆ ನಾನ್ಯಾಕೆ, ಗಿಳಿ ಸಾಕಿದ್ರೆ ಸಾಕಿತ್ತಲ್ಲ?"

ಹುಡುಗಿ ಕುಳಿತಲ್ಲಿಂದಲೇ ತಲೆಯೆತ್ತಿ ಕೇಳಿದಳು: "ಎಲ್ಲಾದ್ರೂ ತಪ್ಪಾಗಿರಬಹುದಾ ಸಾರ್?"

"ಗಡಿಯಾರ ತಪ್ಪಿಲ್ಲಮ್ಮ. ನನ್ನ ಕೈ ತಪ್ಪಿಲ್ಲ. ಗ್ರೌಂಡ್ ಅಂತೂ ತಪ್ಪೋದೇ ಇಲ್ಲ, ಬೇಕಾದ್ರೆ ಇವಳನ್ನೇ ಕೇಳು."

ಹುಡುಗಿ ಸುಣ್ಣದಮ್ಮನ ಮುಖ ನೋಡಿದಳು. ಸುಣ್ಣದಮ್ಮ ಏನು ಹೇಳಿಯಾಳು? ಮೂರು ಸಲ ಅಳೆದಿದ್ದಳು. "ಇಲ್ಲ ಮಗಳೇ, ಸರಿಯಾಗಿದೆ," ಎಂದಳು. ಹಾಗೆಂದವಳು ಮನೆಗೆ ಬಂದು ಗಂಡನೊಡನೆ ಮೂರು ದಿನ ಮಾತಾಡಲಿಲ್ಲ. ಅವರು ತಪ್ಪು ಮಾಡಿದರೆಂದಲ್ಲ. ಸರಿಯಾದದ್ದನ್ನು ಮಾಡಿದವರ ಮೇಲೂ ಸಿಟ್ಟು ಬರಬಾರದೆಂದು ಎಲ್ಲಿ ಬರೆದಿದೆ?

ಹಲಗೆಯಲ್ಲಿ ಮಾತ್ರ ಹುಡುಗಿಯರಲ್ಲಿ ಅದೇ ಕಾಲೇಜಿನ ದಾಖಲೆ. 1500, ಅವಳ ಹೆಸರು, 5.01. ತಿದ್ದುವಾಗ ಸುಣ್ಣದಮ್ಮ ಆ ಕೊನೆಯ ಒಂದನ್ನು ಕೂದಲೆಳೆಯಷ್ಟು ತೆಳ್ಳಗೆ ಬರೆದಳು.

ಮಾರನೆಯ ವರ್ಷ ದರ್ಜಿಯ ಮಗಳು ಓಡಲು ಬರಲಿಲ್ಲ. ಅಪ್ಪನ ಅಂಗಡಿಯಲ್ಲಿ ಕುಳಿತು ಗುಂಡಿ ಹೊಲಿದಳು. ಮೂರನೆಯ ವರ್ಷ ಹೇಗೋ ಮತ್ತೆ ಮೈದಾನಕ್ಕೆ ಬಂದಳು. ಓಡುವುದಕ್ಕಿಂತ ಓಡಿಸುವುದೇ ಲೇಸು ಅನ್ನಿಸಿ ಅದನ್ನೇ ಓದಿದಳು. ಮುಂದೆ ಪಕ್ಕದ ಊರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಅವಳೂ ನಿರ್ದೇಶಕಿಯಾದಳು. ಮೇಷ್ಟ್ರ ಮನೆಗೆ ಬಂದಾಗಲೆಲ್ಲ ಹೊಸ್ತಿಲಲ್ಲಿ ನಿಂತು, "ಒಂದು ಸೆಕೆಂಡ್ ಒಳಗೆ ಬರ್ಲಾ ಸಾರ್?" ಎಂದು ಕೀಟಲೆ ಮಾಡುವಳು. "ಬಾ ತಾಯಿ, ನಿನಗೆ ಎರಡು ಸೆಕೆಂಡ್ ಕೊಟ್ಟೆ," ಎಂದು ಮೇಷ್ಟ್ರು ನಗುವರು. ಆ ನಗುವಿನಲ್ಲಿ ಹೆಮ್ಮೆಯೂ ಇತ್ತು. ತಾನು ಜಗ್ಗಲಿಲ್ಲ, ಅವಳೂ ಮುರಿಯಲಿಲ್ಲ, ಎಂದು.

ಮೂವತ್ತೊಂದನೆಯ ವರ್ಷ ಆ ದೊಡ್ಡ ಕೂಟ ಮೇಷ್ಟ್ರ ಮೈದಾನಕ್ಕೇ ಬರುವುದೆಂದಾಯಿತು. ನಿವೃತ್ತಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಬೇಕೇ? ಕೂಟಕ್ಕೆ ಒಂದು ವಾರ ಮುಂಚೆ ಮೈದಾನ ನೋಡಲು ಅಳತೆಯವನು ಬಂದ. ಕನ್ನಡಕದ, ಮೆಲುಮಾತಿನ ಮನುಷ್ಯ. ಮೇಷ್ಟ್ರು ಅವನನ್ನು ಕರೆದೊಯ್ದು ಎಂದಿನಂತೆ, "ನಾನೂರು ಅಂದ್ರೆ ನಾನೂರು," ಎಂದರು.

"ಎಲ್ಲಿ ಅಳೆದಿದ್ದೀರಿ ಸಾರ್?"

"ಎಲ್ಲಿ ಅಂದ್ರೆ? ಕಲ್ಲಿಗೆ ಅಂಟ್ಕೊಂಡು. ಕೂದಲೆಳೆ ಸಂದಿಲ್ಲದ ಹಾಗೆ."

ಅಳತೆಯವನು ಕನ್ನಡಕ ತೆಗೆದು ಒರೆಸಿದ. "ಕಲ್ಲಿನ ಮೇಲೆ ಯಾರು ಓಡ್ತಾರೆ ಸಾರ್? ಕಲ್ಲಿನಿಂದ ಒಂದು ಅಡಿ ಈಚೆಗೆ ಅಳೀಬೇಕು. ಮೂವತ್ತು ಸೆಂಟಿಮೀಟರ್. ನಿಯಮದಲ್ಲೇ ಇದೆಯಲ್ಲ. ನಿಮ್ಮ ಹುಡುಗರು ಇಷ್ಟು ವರ್ಷ ಸುತ್ತಿಗೆ ಹತ್ತಿರ ಹತ್ತಿರ ಎರಡು ಮೀಟರ್ ಜಾಸ್ತಿ ಓಡಿದ್ದಾರೆ." ಆಮೇಲೆ ಮೇಷ್ಟ್ರ ಮುಖ ನೋಡಿ ದನಿ ತಗ್ಗಿಸಿದ. "ದೊಡ್ಡದೇನಲ್ಲ. ಸುತ್ತಲಿನ ಕಲ್ಲುಗಳನ್ನ ಒಂದಡಿ ಒಳಗೆ ಸರಿಸಿ. ನಾನು ಸರಿ ಇದೆ ಅಂತಲೇ ಬರೀತೀನಿ. ಯಾರಿಗೂ ಗೊತ್ತಾಗಲ್ಲ."

ಮೇಷ್ಟ್ರು ಮನೆಗೆ ಬಂದು ಹಳೇ ಪುಸ್ತಕ ಹುಡುಕಿದರು. ಹನ್ನೊಂದನೆಯ ಪುಟ. ‘ಓಟದ ಪಟ್ಟಿಯನ್ನು ಒಳ ಅಂಚಿನಿಂದ’ ಎಂಬಲ್ಲಿಗೆ ಸಾಲು ನಿಂತಿತ್ತು. ಮುಂದೆ ಗೆದ್ದಲು ತಿಂದ ತೂತು. ತೂತಿನಾಚೆ ‘ಅಳೆಯತಕ್ಕದ್ದು’ ಎಂದಿತ್ತು. ತೂತು ಚಿಕ್ಕದು, ಮೇಷ್ಟ್ರ ಹೆಬ್ಬೆರಳು ತೂರುವಷ್ಟು.

ಸುಣ್ಣದಮ್ಮ ಅದನ್ನು ಅಕ್ಷರ ಕೂಡಿಸಿ ಓದಿದಳು. ಓದಿ ಅಲ್ಲೇ ಕುಳಿತಳು. "ಅಣ್ಣ ಹೇಳಿದ್ದ ಕಣ್ರೀ. ಒಂಚೂರು ಈಚೆಗೆ ಎಳ್ಕೊ ಅಂದಿದ್ದ. ನಾನೇ ಅಂಟಿ ಹಿಡಿ ಅಂದೆ."

"ಗೆದ್ದಲು ತಿಂದದ್ದಕ್ಕೆ ನೀನೇನು ಮಾಡ್ತೀಯ?"

ಆದರೆ ಮೇಷ್ಟ್ರ ಕೈಯಲ್ಲಿ ಪೆನ್ಸಿಲ್ ಇತ್ತು, ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ನಡೆದಿತ್ತು. ಯಾರ ಲೆಕ್ಕ ಎಂದು ಸುಣ್ಣದಮ್ಮ ಕೇಳಲಿಲ್ಲ. ನೇರದಲ್ಲಿ ವ್ಯತ್ಯಾಸವಿಲ್ಲ, ಹೆಚ್ಚಾಗುವುದು ಬಾಗಿನಲ್ಲಿ. ಮೂರು ಮುಕ್ಕಾಲು ಸುತ್ತಿನಲ್ಲಿ ಏಳು ಬಾಗು. ಬಾಗಿಗೆ ಒಂದು ಮೀಟರಿಗೆ ಚೂರು ಕಡಿಮೆ. ಒಟ್ಟು ಆರೂವರೆ ಮೀಟರು. ಅಷ್ಟು ಓಡಲು ದರ್ಜಿಯ ಮಗಳಿಗೆ ಒಂದು ಸೆಕೆಂಡು, ಮೇಲೆ ಒಂದು ಚಿಟಿಕೆ. ಅಂದರೆ ಸಾವಿರದೈನೂರು ಮೀಟರನ್ನು ಅವಳು ಐದು ನಿಮಿಷದೊಳಗೆ ಓಡಿದ್ದಳು.

ಆ ವಾರವೇ ಮೇಷ್ಟ್ರು ಕೆಲಸ ಶುರು ಮಾಡಿದರು. ಹುಡುಗರೊಂದಿಗೆ ಕಲ್ಲು ಕಿತ್ತು ಒಂದಡಿ ಒಳಗೆ ಹೂಳಿದರು. ಸುಣ್ಣದಮ್ಮ ಈ ಸಲ ಕಲ್ಲಿನಿಂದ ಮೂವತ್ತು ಸೆಂಟಿಮೀಟರಿನ ಕಡ್ಡಿ ಇಟ್ಟು ಟೇಪು ಹಿಡಿದಳು. ಹದಿಮೂರು ಗುಂಡಿ, ಹತ್ತು ಮೀಟರು. ಸರಿಯಾಯಿತು. ಅವರಿಬ್ಬರ ಎದೆಯಲ್ಲಿ ಮಾತ್ರ ಸರಿಯಾಗಲಿಲ್ಲ. ದರ್ಜಿಯ ಮಗಳು ತನ್ನ ಹುಡುಗಿಯರನ್ನು ಕರೆದುಕೊಂಡು ಇದೇ ಕೂಟಕ್ಕೆ ಬರುವವಳಿದ್ದಳು.

"ಹೇಳ್ದೇ ಇದ್ರೆ ಅವಳಿಗೆ ಗೊತ್ತಾಗಲ್ಲ," ಎಂದರು ಮೇಷ್ಟ್ರು ಒಮ್ಮೆ, ಗೋಡೆಗೆ ಹೇಳುವಂತೆ.

"ನಮಗೆ ಗೊತ್ತಾಗಿದೆಯಲ್ಲ," ಎಂದಳು ಸುಣ್ಣದಮ್ಮ.

ಕೂಟದ ಹಿಂದಿನ ದಿನ ಮಧ್ಯಾಹ್ನ ಇಬ್ಬರೂ ಮೆಟ್ಟಿಲ ಕೋಣೆಯಲ್ಲಿದ್ದರು. ಬಾಗಿಲಲ್ಲಿ ನೆರಳು ಬಿತ್ತು.

"ಒಂದು ಸೆಕೆಂಡ್ ಒಳಗೆ ಬರ್ಲಾ ಸಾರ್?"

ಮೇಷ್ಟ್ರು ಥಟ್ಟನೆ ಎದ್ದರು. ಹಣೆ ದಿಂಬಿಗೆ ಬಡಿಯಿತು. ಬಾ ಎನ್ನಲಿಲ್ಲ, ನಗಲಿಲ್ಲ. ನಿಂತೇ ಎಲ್ಲ ಹೇಳಿದರು. ಗೆದ್ದಲು, ಹನ್ನೊಂದನೆಯ ಪುಟ, ಒಂದಡಿ, ಏಳು ಬಾಗು. "ಗ್ರೌಂಡ್ ತಪ್ಪೋದೇ ಇಲ್ಲ ಅಂದಿದ್ದೆ. ತಪ್ಪಿದ್ದು ಗ್ರೌಂಡೇ. ನಿನ್ನ ಸೆಕೆಂಡ್ ನಾನು ತಿಂದೆನಮ್ಮ."

ದರ್ಜಿಯ ಮಗಳು ಅವರ ಕೈಯ ಕ್ಯಾಲೆಂಡರ್ ಹಾಳೆ ಈಸಿಕೊಂಡು ಲೆಕ್ಕವನ್ನು ಮೇಲಿಂದ ಕೆಳಗೆ ನೋಡಿದಳು. ಮೇಲೆ ಮೆಟ್ಟಿಲಲ್ಲಿ ಯಾರೋ ಇಳಿದು ಹೋದರು, ಧೂಳು ಉದುರಿತು.

"ಆ ವರ್ಷ ಅಂಗಡಿಲಿ ಕೂತು ಗುಂಡಿ ಹಾಕ್ತಾ, ನನ್ನ ಕಾಲಲ್ಲಿ ಇದ್ದದ್ದೇ ಅಷ್ಟು ಅಂದ್ಕೊಂಡಿದ್ದೆ ಸಾರ್," ಎಂದಳು. ಕಣ್ಣೊರೆಸಿಕೊಂಡಳು. ಆಮೇಲೆ ತಲೆಯೆತ್ತಿ ಹಲಗೆಯ ಕಡೆ ಕೈ ತೋರಿಸಿದಳು. "ಹಾಗಾದ್ರೆ ತಿದ್ದಿ. ನಾಲ್ಕು ಐವತ್ತೊಂಬತ್ತು ಅಂತ ಬರೀರಿ."

ಮೇಷ್ಟ್ರು ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮುಂದೆ ನಿಂತರು. ಕೈ ಎತ್ತಿದರು. ಕೈ ಅಲ್ಲೇ ನಿಂತಿತು. ನಾಲ್ಕು ಐವತ್ತೊಂಬತ್ತು ಎಂದು ಯಾವ ಗಡಿಯಾರವೂ ಹೇಳಿರಲಿಲ್ಲ. ಹೇಳಿದ್ದು ಪೆನ್ಸಿಲು. ಬರೆದರೆ ಮೂವತ್ತೊಂದು ವರ್ಷದ ಮಾತು ನೀರುಪಾಲು. ಬರೆಯದಿದ್ದರೆ ಅದೇ ಹುಡುಗಿಗೆ ಎರಡನೆಯ ಸಲ ಇಲ್ಲ ಎಂದಂತೆ. ಸುಣ್ಣದಮ್ಮ ಎದ್ದು ಹಲಗೆಯ ಹತ್ತಿರ ಬಂದಳು.

"ಹೊತ್ತನ್ನ ಯಾಕ್ರೀ ಮುಟ್ತೀರಿ? ಹೊತ್ತು ಸರಿಯಾಗೇ ಇದೆ," ಎಂದಳು. "ತಪ್ಪಿರೋದು ದೂರ. ದೂರ ತಿದ್ದಿ."

ಇಬ್ಬರೂ ತಿರುಗಿ ನೋಡಿದರು.

"ಸಾವಿರದೈನೂರು ಅಂತ ಇದೆ. ಅವಳು ಓಡಿದ್ದು ಸಾವಿರದೈನೂರಾ ಆರೂವರೆ. ಹಾಗಂತ ಬರೀರಿ. ಅದರಲ್ಲಿ ಸುಳ್ಳೇನಿದೆ?"

ದರ್ಜಿಯ ಮಗಳಿಗೆ ನಗು ಉಕ್ಕಿತು ನೋಡಿ, ಮೇಜು ಹಿಡಿದುಕೊಂಡು ನಕ್ಕಳು. "ಸಾರ್, ಆರೂವರೆ ಮೀಟರ್ ಸೇರ್ಸಿ ಓಡಿದೋರು ಜಗತ್ತಲ್ಲಿ ಬೇರೆ ಯಾರಿದ್ದಾರೆ? ಈ ಓಟದಲ್ಲಿ ನಾನೇ ಮೊದಲು! ನಾನೇ ಕೊನೆ!"

"ಈ ಗ್ರೌಂಡಲ್ಲಿ ಓಡಿದ ಹುಡುಗೀರೆಲ್ಲ ಅಷ್ಟೇ ಓಡಿದ್ದಾರಲ್ಲಮ್ಮ," ಎಂದರು ಮೇಷ್ಟ್ರು. ಆ ಹೊತ್ತಿನಲ್ಲೂ ಸುಳ್ಳು ಹೊಗಳಿಕೆ ಅವರ ಬಾಯಿಂದ ಬರಲಿಲ್ಲ. "ಆದ್ರೆ ಅವರಲ್ಲಿ ನೀನೇ ಮುಂದು. ಅದಂತೂ ನಿಜ." ಹೇಳುತ್ತ ಅವರಿಗೂ ನಗು ಬಂತು. ವಾರದ ಮೇಲೆ ಬಂದ ಮೊದಲ ನಗು.

ಸೀಮೆಸುಣ್ಣದಲ್ಲಿ ಬರೆದರು. ಸುಣ್ಣದಮ್ಮ ಕುಂಚ ಹಿಡಿದಳು. ಕಣ್ಣು ಮೊದಲಿನಂತಿರಲಿಲ್ಲ, ಆದರೂ ಅಂಕಿ ಮುತ್ತಿನಂತೆಯೇ ಬಂತು: 1506½. ಬಣ್ಣ ಉಳಿದಿತ್ತು. 5.01ರ ಕೊನೆಯ ಒಂದು ಹದಿನೇಳು ವರ್ಷದಿಂದ ಕೂದಲೆಳೆಯಂತೆ ತೆಳ್ಳಗಿತ್ತಲ್ಲ, ಅದರ ಮೇಲೂ ಕುಂಚ ಎಳೆದು ಉಳಿದವುಗಳಷ್ಟೇ ದಪ್ಪ ಮಾಡಿದಳು.

ಮಾರನೆಯ ದಿನ ಕೂಟ ಮುಗಿದ ಮೇಲೆ ಮೇಷ್ಟ್ರು ಸಾವಿರದೈನೂರರ ಗೆರೆಯಿಂದ ಆರೂವರೆ ಮೀಟರು ಹಿಂದಕ್ಕೆ ಒಂದು ಗೂಟ ನೆಟ್ಟರು. ಸುಣ್ಣದಮ್ಮ ಅದಕ್ಕೆ ಸುಣ್ಣ ಬಳಿದಳು. ದರ್ಜಿಯ ಮಗಳ ಜೊತೆ ಬಂದಿದ್ದ ಉದ್ದಕಾಲಿನ ಹುಡುಗಿಯೊಬ್ಬಳು ಗೂಟವನ್ನೂ ಅವರನ್ನೂ ನೋಡಿ, "ಇದ್ಯಾವ ಓಟ ಸಾರ್? ಪುಸ್ತಕದಲ್ಲಿ ಇಲ್ವಲ್ಲ?" ಎಂದಳು.

"ಇತ್ತಮ್ಮ, ಗೆದ್ದಲು ತಿಂದುಬಿಡ್ತು," ಎಂದು ಮೇಷ್ಟ್ರು ಗಡಿಯಾರಕ್ಕೆ ಕೀ ಕೊಟ್ಟರು. "ನಿಮ್ಮ ಮೇಡಂ ಐದು ನಿಮಿಷ ಒಂದು ಸೆಕೆಂಡಲ್ಲಿ ಓಡಿದ್ದಾರೆ. ನಿಲ್ಲು ಅಲ್ಲಿ."

ಸುಣ್ಣದಮ್ಮ ಕೈ ಒರೆಸಿಕೊಂಡು, ನೂಲಿನ ತುದಿ ಹಿಡಿಯಲು ಕೊನೆಯ ಗೆರೆಯ ಕಡೆ ನಡೆದಳು. ಹಿಂದೆ ಸೀಟಿ ಕೇಳಿಸಿತು.